ಮುಖಕ್ಕೆ ಸೋಪೋ, ಫೇಸ್ ವಾಶೋ, ಕಡಲೆಹಿಟ್ಟೋ?

"ಸ್ಕಿನ್ ಡಾಕ್ಟರು ಸೆಟಾಫಿಲ್ ಲೋಶನ್ ಬರೆದುಕೊಟ್ಟಿದ್ದಾರೆ, ಒಂಚೂರೂ ನೊರೆ ಬರಲ್ಲ, ಮುಖ ತೊಳೆದ ಹಾಗೇ ಅನ್ನಿಸಲ್ಲ." "ಬೇವಿನ ಫೇಸ್ ವಾಶ್ ಹಚ್ಚಿದರೆ ಮೊಡವೆ ಕಮ್ಮಿಯಾಗುತ್ತಾ?" "ಅಮ್ಮ ಕಡಲೆಹಿಟ್ಟು ಸಾಕು ಅಂತಾರೆ, ರೂಮ್‌ಮೇಟ್ ಎಣ್ಣೆ ಹಚ್ಚಿ ತೊಳಿ ಅಂತಾಳೆ, ಯಾರ ಮಾತು ಕೇಳಲಿ?" ಮುಖ ತೊಳೆಯುವ ಮಾತು ಬಂದರೆ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳುವವರಿಗೆ ಬೇಕಿರುವುದು ಒಂದು ಹೆಸರು. ಹೆಸರು ಹೇಳಿಬಿಡಬಹುದು, ಆದರೆ ಮಂಗಳೂರಿನ ಸೆಕೆಯಲ್ಲಿ ಹಿಡಿಸಿದ್ದು ಕಲಬುರಗಿಯ ಒಣ ಬಿಸಿಲಲ್ಲಿ ಹಿಡಿಸುವುದಿಲ್ಲ. ಅಕ್ಕನಿಗೆ ಒಗ್ಗಿದ್ದು ತಂಗಿಗೆ ಉರಿ ತರುತ್ತದೆ. ಆದ್ದರಿಂದ ಯಾವ ಅಳತೆಯಿಂದ ಅಳೆಯಬೇಕು ಅನ್ನುವುದನ್ನು ಮೊದಲು ಇತ್ಯರ್ಥ ಮಾಡಿಕೊಂಡು, ಆಮೇಲೆ ಒಂದೊಂದನ್ನೇ ನೋಡೋಣ.

ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆ

ಟ್ಯೂಬಿನ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು "ಎಣ್ಣೆ ಚರ್ಮಕ್ಕೆ", "ಒಣ ಚರ್ಮಕ್ಕೆ" ಅಂತ. ನಾವೂ ಅಲ್ಲಿಂದಲೇ ಶುರುಮಾಡುತ್ತೇವೆ. ನನ್ನ ಲೆಕ್ಕದಲ್ಲಿ ಅದು ಮೂರನೆಯ ಪ್ರಶ್ನೆ.

ಮೊದಲನೆಯದು, ಸಂಜೆ ಮನೆಗೆ ಬಂದಾಗ ನಿಮ್ಮ ಮುಖದ ಮೇಲೆ ಏನಿರುತ್ತದೆ? ಬೆವರು, ದೂಳು, ಚರ್ಮದ್ದೇ ಜಿಡ್ಡು ಇಷ್ಟೇ ಇದ್ದರೆ ಮೆದುವಾದ ಯಾವುದೇ ಕ್ಲೆನ್ಸರ್ (ಮುಖ ತೊಳೆಯುವ ವಸ್ತು) ಒಂದೇ ಸಲಕ್ಕೆ ತೆಗೆದುಬಿಡುತ್ತದೆ. ನೀರಿಗೆ ಬಗ್ಗದ ಸನ್‌ಸ್ಕ್ರೀನ್, ಫೌಂಡೇಶನ್, ಒತ್ತಿ ಹಚ್ಚಿದ ಕಾಡಿಗೆ ಇದ್ದರೆ ವಿಷಯ ಬೇರೆ. ಇವು ಬೆವರಿಗೂ ಮಳೆಗೂ ಜಾರದಂತೆ ಮಾಡಿದವು. ನೀರು ಮತ್ತು ನೊರೆಯಿಂದಲೇ ತೆಗೆಯಲು ಹೋದರೆ ಉಜ್ಜಾಟ ಹೆಚ್ಚಾಗುತ್ತದೆ, ಚರ್ಮ ಸವೆಯುತ್ತದೆ, ಬಣ್ಣ ಮಾತ್ರ ರಂಧ್ರಗಳಲ್ಲೇ ಉಳಿಯುತ್ತದೆ.

ಎರಡನೆಯದು ನಲ್ಲಿಯ ನೀರು. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಎಷ್ಟೋ ಊರುಗಳಲ್ಲಿ, ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್ ನೀರೇ ಗತಿ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಇಟ್ಟಿರುವ ಮಟ್ಟದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಈ ಎರಡು ಅಂಕಿಗಳ ನಡುವೆ ಮುಖ ತೊಳೆಯುವ ಅನುಭವವೇ ಬದಲಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಕರಗದ ಬೂದುಬಣ್ಣದ ಗಸಿಯಾಗುತ್ತವೆ. ಬಕೆಟ್ಟಿನ ಅಂಚಿಗೆ ಅಂಟುವ ಆ ಪದರವೇ ಮುಖಕ್ಕೂ ಅಂಟುತ್ತದೆ. ತೊಳೆದ ಮೇಲೆ ಮುಖ ಬಿಗಿಯುವುದಕ್ಕೆ, ಮೂಗಿನ ಪಕ್ಕ ಬಿಳಿಬಿಳಿ ಸಿಪ್ಪೆ ಏಳುವುದಕ್ಕೆ ಎಷ್ಟೋ ಸಲ ಇದೇ ಕಾರಣ. ನಾವು ಚರ್ಮವನ್ನು ಬೈಯುತ್ತೇವೆ. ನಿಮ್ಮ ನೀರು ಹೇಗಿದೆ ಅಂತ ತಿಳಿಯಲು ಲ್ಯಾಬಿಗೆ ಹೋಗಬೇಕಿಲ್ಲ. ಗೀಸರ್, ಷವರ್, ನಲ್ಲಿಯ ಬಾಯಿಗೆ ಬಿಳಿ ಉಪ್ಪು ಕಟ್ಟಿದೆಯೇ ನೋಡಿ. ಇನ್ನೂ ಖಾತ್ರಿ ಬೇಕೆಂದರೆ ಬಾಟಲಿಯಲ್ಲಿ ಅರ್ಧ ನೀರು ಹಿಡಿದು ಸಾಮಾನ್ಯ ಸೋಪಿನ ಚೂರು ಹಾಕಿ ಕುಲುಕಿ. ನೊರೆ ಏಳದೆ ನೀರು ಹಾಲಿನಂತೆ ಮಬ್ಬಾದರೆ ಅದು ಗಡಸು ನೀರು.

ಮೂರನೆಯದು ಚರ್ಮ, ಮತ್ತು ಅದಕ್ಕೆ ಈಗಾಗಲೇ ಹಚ್ಚುತ್ತಿರುವ ಔಷಧಿ. ಚರ್ಮದ ಮೇಲ್ಮೈ ತುಸು ಆಮ್ಲ ಗುಣದ್ದು, ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ) ಸುಮಾರು 4.5ರಿಂದ 5.5. ಇದೂ, ಚರ್ಮದ ಕೋಶಗಳ ನಡುವಿರುವ ಕೊಬ್ಬಿನ ಅಂಶವೂ ಸೇರಿ ಒಳಗಿನ ತೇವವನ್ನು ಹೊರಬಿಡದೆ ಕಾಯುತ್ತವೆ. ನಿಮ್ಮ ಚರ್ಮ ಯಾವ ಬಗೆಯದು ಅಂತ ತಿಳಿಯಬೇಕಾದರೆ ರಜಾದಿನ ಬೆಳಿಗ್ಗೆ ಬರೀ ನೀರಿನಿಂದ ಮುಖ ತೊಳೆದು, ಏನೂ ಹಚ್ಚದೆ ಒಂದು ಗಂಟೆ ಬಿಡಿ. ಕೆನ್ನೆ ಸೆಳೆದರೆ ಒಣ ಚರ್ಮ. ಹಣೆ, ಮೂಗು, ಗದ್ದ ಮಾತ್ರ ಹೊಳೆದರೆ ಮಿಶ್ರ. ಇಡೀ ಮುಖ ಹೊಳೆದರೆ ಎಣ್ಣೆಯದ್ದು. ಮೊಡವೆಗೆ ವೈದ್ಯರು ಕೊಡುವ ಅಡಾಪಲೀನ್, ಟ್ರೆಟಿನಾಯಿನ್ ತರಹದ (ರೆಟಿನಾಯ್ಡ್ ಗುಂಪಿನ) ಕ್ರೀಮೋ ಐಸೊಟ್ರೆಟಿನಾಯಿನ್ ಮಾತ್ರೆಯೋ ನಡೆಯುತ್ತಿದ್ದರೆ ಈ ವರ್ಗೀಕರಣವನ್ನು ಪಕ್ಕಕ್ಕಿಡಿ. ಆಗ ನಿಮ್ಮದು ನಾಜೂಕು ಚರ್ಮ, ಅಷ್ಟೇ.

ಕೊನೆಯದು ದುಡ್ಡು. ಇಲ್ಲಿ ನೋಡಬೇಕಾದದ್ದು ತಿಂಗಳ ಖರ್ಚು; ಟ್ಯೂಬಿನ ಬೆಲೆಯನ್ನಷ್ಟೇ ನೋಡಿದರೆ ಮೋಸಹೋಗುತ್ತೀರಿ. ಪ್ಯಾಕಿನ ಮೇಲೆ ಎಂಆರ್‌ಪಿಯ ಜೊತೆಗೆ ಒಂದು ಮಿಲಿಲೀಟರಿಗೋ ಒಂದು ಗ್ರಾಂಗೋ ಎಷ್ಟು ಅನ್ನುವ ದರವನ್ನೂ ಈಗ ಮುದ್ರಿಸಬೇಕು. ಆ ಸಣ್ಣಕ್ಷರದ ದರ ಓದುವ ಅಭ್ಯಾಸ ಮಾಡಿಕೊಳ್ಳಿ. ನೂರು ಮಿಲಿಯ ಜೆಲ್ ಫೇಸ್ ವಾಶಿಗೆ 180 ರೂಪಾಯಿ ಅಂತ ಹಿಡಿಯೋಣ. ಹೊತ್ತಿಗೆ ಒಂದು ಮಿಲಿಯಂತೆ ದಿನಕ್ಕೆರಡು ಸಲವಾದರೆ ಐವತ್ತು ದಿನ ಬರುತ್ತದೆ, ತಿಂಗಳಿಗೆ ನೂರರ ಆಸುಪಾಸು. 125 ಮಿಲಿಯ ನೊರೆಯಿಲ್ಲದ ಲೋಶನ್ 400 ರೂಪಾಯಿ ಅಂದುಕೊಂಡರೆ, ಅದು ಹರಡುವುದೇ ಹೆಚ್ಚು ಹಾಕಿದಾಗ. ಹೊತ್ತಿಗೆ ಎರಡೂವರೆ ಮಿಲಿ ಬೇಕು. ಇಪ್ಪತ್ತೈದೇ ದಿನಕ್ಕೆ ಖಾಲಿ, ತಿಂಗಳಿಗೆ 480. ಬಾಟಲಿಯ ಬೆಲೆ ಎರಡರಷ್ಟು ಚಿಲ್ಲರೆ, ತಿಂಗಳ ಖರ್ಚು ನಾಲ್ಕೂವರೆ ಪಟ್ಟು.

ಸೋಪು

ಮೈಸೂರು ಸ್ಯಾಂಡಲ್ ಘಮದ ಬಚ್ಚಲಲ್ಲಿ ಬೆಳೆದ ನಮಗೆ ಸೋಪಿನ ವಿರುದ್ಧ ಮಾತಾಡುವುದು ಕಷ್ಟ. ಮೈಗೆ ಅದರಲ್ಲಿ ತಪ್ಪೇನಿಲ್ಲ. ಮುಖದ ಮಟ್ಟಿಗೆ ತಕರಾರು ಇರುವುದು ಎಣ್ಣೆ ಮತ್ತು ಕ್ಷಾರ ಸೇರಿಸಿ ಮಾಡಿದ ಎಲ್ಲ ಸೋಪುಗಳ ಮೇಲೂ, ಯಾವುದೋ ಒಂದು ಬ್ರ್ಯಾಂಡಿನ ಮೇಲಲ್ಲ. ಅವುಗಳ ಪಿಎಚ್ 9ರಿಂದ 10. ಜಿಡ್ಡಿನ ಜೊತೆ ಚರ್ಮದ ಕೊಬ್ಬಿನ ಅಂಶವನ್ನೂ ಎಳೆದುಕೊಂಡು ಹೋಗುತ್ತವೆ. ಗಡಸು ನೀರಿದ್ದರೆ ಮೇಲೆ ಹೇಳಿದ ಗಸಿ ಬೇರೆ.

ಇಲ್ಲಿ ಟಿಎಫ್‌ಎಂ ವಿಷಯ ಹೇಳಲೇಬೇಕು, ಯಾಕೆಂದರೆ ಓದಿಕೊಂಡವರೂ ಎಡವುವುದು ಇಲ್ಲೇ. ಸೋಪಿನಲ್ಲಿರುವ ಒಟ್ಟು ಕೊಬ್ಬಿನ ಅಂಶವನ್ನು ಹೇಳುವ ಅಂಕಿ ಅದು. ಕನಿಷ್ಠ 76 ಶೇಕಡಾ ಇದ್ದರೆ ಟಾಯ್ಲೆಟ್ ಸೋಪಿನಲ್ಲಿ ಗ್ರೇಡ್ 1, 70 ಇದ್ದರೆ ಗ್ರೇಡ್ 2, 60 ಇದ್ದರೆ ಗ್ರೇಡ್ 3. ಟಿಎಫ್‌ಎಂ ಹೆಚ್ಚಿದ್ದಷ್ಟೂ ಮುಖಕ್ಕೆ ಮೆದು ಅನ್ನುವ ಮಾತು ಎಲ್ಲೆಡೆ ಓಡಾಡುತ್ತದೆ. ಟಿಎಫ್‌ಎಂ ಹೇಳುವುದು ಬಿಲ್ಲೆಯಲ್ಲಿ ಅಸಲಿ ಸೋಪು ಎಷ್ಟಿದೆ, ಕಲಬೆರಕೆ ಪುಡಿ ಎಷ್ಟು ಕಡಿಮೆ ಅಂತ. ಬೇಗ ಕರಗಿಹೋಗದ, ಕೊಟ್ಟ ದುಡ್ಡಿಗೆ ತಕ್ಕ ಸೋಪು ಆರಿಸಲು ಒಳ್ಳೆಯ ಗುರುತು. ಪಿಎಚ್ ಮಾತ್ರ ಗ್ರೇಡ್ 1ರಲ್ಲೂ ಇಳಿಯುವುದಿಲ್ಲ.

ಹಾಗಾದರೆ ಯಾರಿಗೆ ಸೋಪು ಸಾಕು? ಕಾವೇರಿ ನೀರೋ ಮಲೆನಾಡಿನ ಮೆದು ನೀರೋ ಬರುವ ಕಡೆ ಇದ್ದು, ಮೊಡವೆಯಿಲ್ಲದೆ, ಏನೂ ಔಷಧಿ ಹಚ್ಚದೆ, ತೊಳೆದ ಕಾಲು ಗಂಟೆಯ ಮೇಲೂ ಮುಖ ಬಿಗಿಯದ ಗಟ್ಟಿ ಚರ್ಮದವರಿಗೆ. ಅಂಥವರು ಬದಲಾಯಿಸುವ ಗೋಜಿಗೆ ಹೋಗಬೇಕಿಲ್ಲ. ಮನೆಯಲ್ಲಿ ಅಪ್ಪಂದಿರು ಇದೇ ಗುಂಪು.

ಸೋಪಿನಂತೆ ಕಾಣುವ, ಸೋಪಲ್ಲದ ಬಿಲ್ಲೆ

ಕಡಿಮೆ ಬಜೆಟ್ಟಿನವರಿಗೆ ನಾನು ಮೊದಲು ಹೇಳುವುದು ಇದನ್ನೇ: ಸಿಂಡೆಟ್ ಬಾರ್. ನೋಡಲು ಸೋಪು, ಒಳಗಿರುವುದು ಬೇರೆ ಬಗೆಯ ತೊಳೆಯುವ ವಸ್ತು. 1957ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಡವ್ ಈ ಜಾತಿಯ ಹೆಸರಾಂತ ಬಿಲ್ಲೆ. ಹಿಂಬದಿಯ ಪಟ್ಟಿಯಲ್ಲಿ ಮೊದಲಿಗೇ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಇದ್ದರೆ ಸಿಂಡೆಟ್. ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್ ಅಂತ ಶುರುವಾದರೆ ಸೋಪು. ಎರಡನ್ನೂ ಬೆರೆಸಿದ ಬಿಲ್ಲೆಗಳೂ ಇವೆ, ಅವು ಎರಡರ ನಡುವೆ ನಿಲ್ಲುತ್ತವೆ. ಸಿಂಡೆಟ್‌ಗಳ ಪಿಎಚ್ ಸಾಮಾನ್ಯವಾಗಿ 5.5ರಿಂದ 7, ಗಡಸು ನೀರಿನಲ್ಲಿ ಗಸಿ ಕಟ್ಟುವುದಿಲ್ಲ. ಬೋರ್‌ವೆಲ್ ನೀರಿನವರಿಗೆ ಈ ಒಂದು ಬದಲಾವಣೆಯಿಂದಲೇ ಅರ್ಧ ಬಿಗಿತ ಹೋಗುತ್ತದೆ. ಇವುಗಳಲ್ಲಿ ಟಿಎಫ್‌ಎಂ ಹುಡುಕಲು ಹೋಗಬೇಡಿ. ಪ್ಯಾಕಿನ ಮೇಲೆ ಬೇಥಿಂಗ್ ಬಾರ್ ಅಂತಿದ್ದರೆ ಕಳಪೆ ಅಂತಲೂ ತಿಳಿಯಬೇಡಿ.

ತೊಂದರೆ ಇಲ್ಲದಿಲ್ಲ. ಒದ್ದೆಯಲ್ಲಿ ಬೇಗ ಮೆತ್ತಗಾಗುತ್ತದೆ, ನೀರು ಬಸಿಯುವ ಡಬ್ಬಿ ಬೇಕು. ಹಾಸ್ಟೆಲ್ಲಿನಲ್ಲಿ ಎಲ್ಲರ ಕೈಗೆ ಸಿಗುವಂತೆ ಇಡುವ ಹಾಗಿಲ್ಲ. ಪರಿಮಳ ಹೆಚ್ಚಿರುವವು ನಾಜೂಕು ಚರ್ಮಕ್ಕೆ ಆಗಿಬರಲಿಕ್ಕಿಲ್ಲ. ಆದರೂ ಮುಖಕ್ಕೆ ಮಾತ್ರ ಅಂತ ಒಂದು ಬಿಲ್ಲೆ ಮೀಸಲಿಟ್ಟರೆ ಎರಡು ತಿಂಗಳು ಸಲೀಸಾಗಿ ಬರುತ್ತದೆ. ತಿಂಗಳಿಗೆ ಐವತ್ತು ರೂಪಾಯಿಗೆ ಇದಕ್ಕಿಂತ ಮೆದುವಾದದ್ದು ಸಿಗುವುದು ಕಷ್ಟ. ಇದನ್ನು ಯಾರೂ ಜೋರಾಗಿ ಹೇಳದಿರುವುದಕ್ಕೆ ಕಾರಣ, ಬಿಲ್ಲೆಗೆ ಟ್ಯೂಬಿನಷ್ಟು ಮರ್ಯಾದೆ ಇಲ್ಲ.

ನೊರೆ ಬರುವ ಫೇಸ್ ವಾಶ್

ಅಂಗಡಿಯ ಮುಕ್ಕಾಲು ಶೆಲ್ಫು ಇದರದ್ದೇ, ಗೊಂದಲವೂ ಇಲ್ಲೇ ಹೆಚ್ಚು. ಫೇಸ್ ವಾಶ್ ಅಂದ ಮಾತ್ರಕ್ಕೆ ಸೋಪಿಗಿಂತ ಮೆದು ಅಂತ ಎಲ್ಲರೂ ನಂಬಿದ್ದಾರೆ. ಟ್ಯೂಬನ್ನು ತಿರುಗಿಸಿ ನೋಡಿ. ಪಟ್ಟಿಯ ಮೊದಲ ಸಾಲಿನಲ್ಲೇ ಮಿರಿಸ್ಟಿಕ್ ಆ್ಯಸಿಡ್, ಸ್ಟಿಯರಿಕ್ ಆ್ಯಸಿಡ್, ಲಾರಿಕ್ ಆ್ಯಸಿಡ್ ಇದ್ದು, ಜೊತೆಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕೂಡ ಇದ್ದರೆ, ಅದು ಟ್ಯೂಬಿಗೆ ತುಂಬಿದ ಸೋಪೇ. ಮುತ್ತಿನಂತೆ ಹೊಳೆಯುವ ಗಟ್ಟಿ ಕ್ರೀಮಿನಂತಿದ್ದು ಬೆಣ್ಣೆಯಂಥ ದಟ್ಟ ನೊರೆ ಕೊಡುವ ಎಷ್ಟೋ ಫೇಸ್ ವಾಶ್‌ಗಳು ಈ ಬಗೆಯವು. ಸೋಪು ಮುಖಕ್ಕೆ ಒಗ್ಗದೆ ಇದಕ್ಕೆ ಬದಲಾಯಿಸಿದವರಿಗೆ ವ್ಯತ್ಯಾಸ ಕಾಣದಿದ್ದರೆ ಆಶ್ಚರ್ಯವಿಲ್ಲ.

ಪಾರದರ್ಶಕ ಜೆಲ್‌ಗಳಲ್ಲಿ ಸಾಮಾನ್ಯವಾಗಿ ಸೋಡಿಯಂ ಲಾರೆತ್ ಸಲ್ಫೇಟ್, ಜೊತೆಗೆ ಕೊಕಮಿಡೊಪ್ರೊಪೈಲ್ ಬೀಟೇನ್ ಇರುತ್ತವೆ. ಎಣ್ಣೆ ಚರ್ಮಕ್ಕೆ, ಕರಾವಳಿಯ ಸೆಕೆಗೆ, ಹೆಲ್ಮೆಟ್ ಹಾಕಿ ದಿನವಿಡೀ ಓಡಾಡುವವರಿಗೆ ಇದು ಸರಿಯಾದ ಆಯ್ಕೆ. "ಲಾರೆತ್" ಮತ್ತು "ಲಾರಿಲ್" ಎರಡೂ ಒಂದೇ ಅಂದುಕೊಳ್ಳಬೇಡಿ, ಲಾರಿಲ್ ಸಲ್ಫೇಟ್ ಹೆಚ್ಚು ಖಾರ. ಸಲ್ಫೇಟ್ ಇಲ್ಲದ ಜೆಲ್‌ಗಳು ಇನ್ನಷ್ಟು ಮೆದು, ಬೆಲೆಯೂ ತುಸು ಹೆಚ್ಚು. ನೊರೆ ಕಮ್ಮಿ ಬಂತೆಂದು ಮತ್ತೆ ಮತ್ತೆ ಹಾಕಿಕೊಂಡರೆ ಆ ಮೆದುತನ ವ್ಯರ್ಥ.

ಬೇವು, ಅರಿಶಿನ, ಕುಂಕುಮಕೇಸರಿ, ವಿಟಮಿನ್ ಸಿ, ಹಯಲುರಾನಿಕ್ ಆ್ಯಸಿಡ್ ಅಂತ ಮುಂದೆ ಬರೆದಿರುವುದರ ಬಗ್ಗೆ ಒಂದು ಮಾತು. ಫೇಸ್ ವಾಶ್ ಮುಖದ ಮೇಲಿರುವುದು ಹೆಚ್ಚೆಂದರೆ ಒಂದು ನಿಮಿಷ. ಆಮೇಲೆ ಎಲ್ಲವೂ ಬಚ್ಚಲ ಮೋರಿಗೆ. ಬೇವಿನ ಫೇಸ್ ವಾಶಿನಿಂದ ಮುಖ ಹಗುರಾಯಿತು ಅನ್ನಿಸಿದರೆ ಅದರ ಬಹುಪಾಲು ಕೆಲಸ ಮಾಡಿದ್ದು ಒಳಗಿರುವ ತೊಳೆಯುವ ವಸ್ತು. ಹಿಡಿಸಿದರೆ ಧಾರಾಳವಾಗಿ ಬಳಸಿ. ಮೊಡವೆಗೆ ಔಷಧಿ ಅಂತ ನೆಚ್ಚಿಕೊಳ್ಳಬೇಡಿ, ಮತ್ತು ವಿಟಮಿನ್ ಸಿ ಅನ್ನುವ ಎರಡು ಪದಕ್ಕೆ ನೂರೈವತ್ತು ರೂಪಾಯಿ ಹೆಚ್ಚು ಕೊಡಬೇಡಿ. ಆ ದುಡ್ಡು ಮುಖದ ಮೇಲೆ ಉಳಿಯುವ ಸನ್‌ಸ್ಕ್ರೀನಿಗೋ ಮಾಯಿಶ್ಚರೈಸರಿಗೋ ಹೋಗಲಿ.

ನೊರೆಯಿಲ್ಲದ ಲೋಶನ್ ಕ್ಲೆನ್ಸರ್

ಸೆಟಾಫಿಲ್ 1947ರಲ್ಲಿ ಅಮೆರಿಕದ ಟೆಕ್ಸಾಸ್‌ನ ಔಷಧಿ ತಯಾರಕರೊಬ್ಬರು ಮಾಡಿದ್ದು. ಚರ್ಮರೋಗಿಗಳಿಗೆ ಬೇಕಿದ್ದದ್ದು ಚರ್ಮವನ್ನು ಕೆಣಕದೆ ತೊಳೆಯುವ ದ್ರವ. ಈಗ ಅದೇ ಬಗೆಯವು ಹತ್ತಾರು ಹೆಸರಿನಲ್ಲಿ ಸಿಗುತ್ತವೆ, ಭಾರತೀಯ ಔಷಧ ಕಂಪನಿಗಳದ್ದು ಕಡಿಮೆ ಬೆಲೆಗೆ ಸಿಗುವುದೂ ಉಂಟು. ನೊರೆ ಬಾರದಿದ್ದರೆ ಕೊಳೆ ಹೋಗಿಲ್ಲ ಅನ್ನುವ ಭಾವನೆ ನಮ್ಮಲ್ಲಿ ಬೇರೂರಿದೆ. ನೊರೆಗೂ ಶುಚಿತ್ವಕ್ಕೂ ಅಂಥ ನಂಟಿಲ್ಲ. ಆದರೆ ಈ ಲೋಶನ್‌ಗಳಿಗೆ ನಿಜವಾದ ಮಿತಿಯೊಂದಿದೆ: ದಪ್ಪ ಸನ್‌ಸ್ಕ್ರೀನ್ ಆಗಲಿ ಮೇಕಪ್ ಆಗಲಿ ಲೋಶನ್‌ನಿಂದ ಪೂರ್ತಿ ಹೋಗುವುದಿಲ್ಲ. ಎಣ್ಣೆ ಚರ್ಮದವರಿಗೆ ತೊಳೆದ ಮೇಲೂ ಒಂದು ಪದರ ಉಳಿದಂತೆ ಇರುತ್ತದೆ.

ಒಣ ಚರ್ಮ, ಎಕ್ಸಿಮಾ (ಇಸುಬು), ರೊಸೇಶಿಯಾ (ಕೆನ್ನೆ, ಮೂಗು ಕೆಂಪಾಗುವ ಚರ್ಮರೋಗ), ಮೊಡವೆಗೆ ರೆಟಿನಾಯ್ಡ್ ಚಿಕಿತ್ಸೆ ಇರುವವರಿಗೆ ದುಡ್ಡು ಕೊಟ್ಟದ್ದಕ್ಕೆ ತಕ್ಕ ಫಲ ಇಲ್ಲಿದೆ. ಖರ್ಚು ತಗ್ಗಿಸಲು ದಾರಿಯೂ ಇದೆ. ರಾತ್ರಿ ಮಾತ್ರ ಲೋಶನ್, ಬೆಳಿಗ್ಗೆ ಬರೀ ನೀರು. ಒಣ ಚರ್ಮಕ್ಕೆ ಬೆಳಗಿನ ಕ್ಲೆನ್ಸರ್ ಬೇಕೇ ಇಲ್ಲ, ತಿಂಗಳ 480 ಅಲ್ಲಿಗೆ 240 ಆಯಿತು. ಚಳಿಗಾಲದ ಹೀಟರಿನ ಮನೆಗಳಲ್ಲಿರುವ ನ್ಯೂಜೆರ್ಸಿ, ಟೊರೊಂಟೊ ಕನ್ನಡಿಗರಿಗೂ ಇದೇ ಸಲಹೆ. ಲಂಡನ್ನಿನವರಿಗೆ ಗಡಸು ನೀರಿನ ಮಾತೂ ಅನ್ವಯಿಸುತ್ತದೆ, ಅಲ್ಲಿಯ ನಲ್ಲಿ ನೀರು ನಮ್ಮ ಬೋರ್‌ವೆಲ್ಲಿನ ನೆಂಟನೇ.

ಔಷಧಿ ಸೇರಿದ ಫೇಸ್ ವಾಶ್

ತೊಳೆದುಹೋಗುವುದಕ್ಕೆ ಬೆಲೆಯಿಲ್ಲ ಅಂದೆನಲ್ಲ, ಅದಕ್ಕೆ ಎರಡು ಅಪವಾದ ಇಲ್ಲಿವೆ. ಸ್ಯಾಲಿಸಿಲಿಕ್ ಆ್ಯಸಿಡ್ ಎಣ್ಣೆಯಲ್ಲಿ ಕರಗುವಂಥದ್ದು, ಹಾಗಾಗಿ ಜಿಡ್ಡು ತುಂಬಿದ ರಂಧ್ರದ ಬಾಯಿಗೆ ಇಳಿಯುತ್ತದೆ. 1ರಿಂದ 2 ಶೇಕಡಾ ಇರುವ ಫೇಸ್ ವಾಶ್ ಬ್ಲ್ಯಾಕ್‌ಹೆಡ್, ಸಣ್ಣ ಸಣ್ಣ ಗುಳ್ಳೆ, ಎಣ್ಣೆ ಮುಖಕ್ಕೆ ಸಹಾಯ ಮಾಡುತ್ತದೆ. ಹಚ್ಚಿ ಒಂದು ನಿಮಿಷ ಬಿಟ್ಟು ತೊಳೆಯಬೇಕು. ಬೆಂಜಾಯ್ಲ್ ಪೆರಾಕ್ಸೈಡ್ ಕೀವು ತುಂಬಿದ ಕೆಂಪು ಮೊಡವೆಗೆ. ಮೊಡವೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಬೆನ್ನು ಮತ್ತು ಎದೆಯ ಮೊಡವೆಗೂ ಅನುಕೂಲ. 2.5 ಶೇಕಡಾದಿಂದಲೇ ಶುರುಮಾಡಿದರೆ ಒಳ್ಳೆಯದು, ಅದೂ ಚರ್ಮವೈದ್ಯರನ್ನು ಕೇಳಿ. ಟವೆಲು, ದಿಂಬಿನ ಕವರು, ಬಣ್ಣದ ಬಟ್ಟೆ ತಾಗಿದಲ್ಲೆಲ್ಲ ಬಣ್ಣ ಹೋಗುತ್ತದೆ, ಆದ್ದರಿಂದ ಬಿಳಿ ಟವೆಲು ಇಟ್ಟುಕೊಳ್ಳಿ.

ಇವನ್ನು ಎರಡೂ ಒಟ್ಟಿಗೆ ಶುರುಮಾಡುವುದು, ರಾತ್ರಿ ಅಡಾಪಲೀನ್ ಹಚ್ಚುವವರು ಅದರ ಮೇಲೆ ದಿನಕ್ಕೆರಡು ಸಲ ಸ್ಯಾಲಿಸಿಲಿಕ್ ಬಳಸುವುದು ಬೇಡ. ಮುಖ ಸುಲಿದು ಕೆಂಪಾದಾಗ "ಮೊಡವೆ ಇನ್ನೂ ಹೆಚ್ಚಾಯ್ತು" ಅಂತ ಮತ್ತಷ್ಟು ತೊಳೆಯುವ ಹುಡುಗ ಹುಡುಗಿಯರು ಬೇಕಾದಷ್ಟು ಜನ. ಗ್ಲೈಕೋಲಿಕ್ ಆ್ಯಸಿಡ್ ಫೇಸ್ ವಾಶ್ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಸನ್‌ಸ್ಕ್ರೀನ್ ತಪ್ಪಿಸುವ ಅಭ್ಯಾಸ ಇರುವವರಂತೂ ಅದರ ಹತ್ತಿರ ಹೋಗಬೇಡಿ.

ಎಣ್ಣೆ, ಬಾಮ್, ಮೈಸೆಲ್ಲರ್ ನೀರು

ಎಣ್ಣೆಯಿಂದ ಮುಖ ತೊಳೆಯುವುದು ಕೊರಿಯಾದ ಹೊಸ ಸಂಗತಿ ಅನ್ನುವವರು ಒಮ್ಮೆ ಯಕ್ಷಗಾನದ ಚೌಕಿಗೆ (ಬಣ್ಣ ಹಚ್ಚುವ ಕೋಣೆ) ಹೋಗಬೇಕು. ಬೆಳಗಿನ ಜಾವ ಆಟ ಮುಗಿಸಿ ಬಂದ ವೇಷಧಾರಿ ಅಷ್ಟು ದಪ್ಪನೆಯ ಬಣ್ಣವನ್ನು ತೆಗೆಯುವುದು ತೆಂಗಿನೆಣ್ಣೆಯಿಂದ. ಎಣ್ಣೆಗೆ ಎಣ್ಣೆ ಬಿಡುತ್ತದೆ. ನೀರಿಗೆ ಬಗ್ಗದ ಸನ್‌ಸ್ಕ್ರೀನೂ ಕಾಡಿಗೆಯೂ ಬಗ್ಗುವುದು ಇದಕ್ಕೇ. ಅಂಗಡಿಯ ಕ್ಲೆನ್ಸಿಂಗ್ ಆಯಿಲ್‌ಗೂ ಮನೆಯ ತೆಂಗಿನೆಣ್ಣೆಗೂ ಇರುವ ವ್ಯತ್ಯಾಸ ಒಂದೇ: ಅಂಗಡಿಯದ್ದರಲ್ಲಿ ಎಣ್ಣೆ ನೀರನ್ನು ಬೆರೆಸುವ ವಸ್ತು ಇರುತ್ತದೆ. ನೀರು ಸೋಕಿದೊಡನೆ ಹಾಲಿನಂತಾಗಿ ಜಾರಿಹೋಗುತ್ತದೆ. ತೆಂಗಿನೆಣ್ಣೆ ಹಾಗೆ ಹೋಗುವುದಿಲ್ಲ, ಮೇಲೆ ಫೇಸ್ ವಾಶ್ ಬೇಕೇಬೇಕು. ಮೊಡವೆಯ ಮುಖದಲ್ಲಿ ಉಳಿದರೆ ರಂಧ್ರ ಕಟ್ಟುತ್ತದೆ. ಮದುವೆಗೋ ನಾಟಕಕ್ಕೋ ಅಪರೂಪಕ್ಕೆ ಮೇಕಪ್ ಹಾಕುವವರಿಗೆ ತೆಂಗಿನೆಣ್ಣೆ ಸಾಕು. ದಿನಾ ಹಾಕುವವರು, ಮೊಡವೆ ಇರುವವರು ಕ್ಲೆನ್ಸಿಂಗ್ ಆಯಿಲ್ ಅಥವಾ ಬಾಮಿಗೆ (ಅದೇ ಬಗೆಯದ್ದು, ಗಟ್ಟಿ ರೂಪದಲ್ಲಿ) ಖರ್ಚು ಮಾಡಬಹುದು.

ಮೈಸೆಲ್ಲರ್ ನೀರನ್ನು ಹತ್ತಿಗೆ ಹಾಕಿ ಒರೆಸಿದರೆ ಆಯಿತು, ತೊಳೆಯಬೇಕಿಲ್ಲ ಅಂತ ಬಾಟಲಿ ಹೇಳುತ್ತದೆ. ತೊಳೆಯುವುದೇ ಮೇಲು, ಅದರಲ್ಲಿರುವುದೂ ಜಿಡ್ಡು ಬಿಡಿಸುವ ವಸ್ತುವೇ. ರಾತ್ರಿ ಬಸ್ಸಿನ ಪ್ರಯಾಣ, ನೈಟ್ ಡ್ಯೂಟಿ, ನೀರಿಗೆ ಪರದಾಡುವ ಬೇಸಗೆ, ಇಂಥ ಕಡೆ ಅನುಕೂಲ. ಹತ್ತಿಯ ಖರ್ಚು ಬೇರೆ ಸೇರುತ್ತದೆ. ವೈಪ್ಸ್ ಬಗ್ಗೆ ಹೇಳುವುದೇನಿಲ್ಲ. ಬ್ಯಾಗಿನಲ್ಲಿದ್ದರೆ ಕೈ ಒರೆಸಿಕೊಳ್ಳಿ.

ಎರಡು ಸಲ ತೊಳೆಯುವ ಪದ್ಧತಿ, ಅಂದರೆ ಮೊದಲು ಎಣ್ಣೆ, ಆಮೇಲೆ ಫೇಸ್ ವಾಶ್, ಮೇಕಪ್ ಅಥವಾ ಗಟ್ಟಿ ಸನ್‌ಸ್ಕ್ರೀನ್ ಇದ್ದ ದಿನದ ರಾತ್ರಿಗೆ ಮಾತ್ರ. ಮನೆಯಲ್ಲೇ ಇದ್ದ ಭಾನುವಾರಕ್ಕೆ ಅದರ ಅಗತ್ಯವಿಲ್ಲ.

ಅಡುಗೆಮನೆಯ ಡಬ್ಬಿಗಳು

ಕಡಲೆಹಿಟ್ಟು, ಹೆಸರುಹಿಟ್ಟು ಜಿಡ್ಡನ್ನು ಹೀರುತ್ತವೆ, ತುಸು ಉಜ್ಜಾಟದಿಂದ ಸತ್ತ ಪದರವನ್ನು ತೆಗೆಯುತ್ತವೆ. ಪರಿಮಳವಿಲ್ಲ, ಪ್ರಿಸರ್ವೇಟಿವ್ ಇಲ್ಲ, ಮನೆಯಲ್ಲಿದ್ದದ್ದೇ. ಅಜ್ಜಿಯ ಕಾಲಕ್ಕೆ ಅದು ಸಾಕಾಗಿತ್ತು, ಯಾಕೆಂದರೆ ಅಜ್ಜಿಯ ಮುಖದ ಮೇಲೆ ಸನ್‌ಸ್ಕ್ರೀನ್ ಇರಲಿಲ್ಲ. ಇವತ್ತಿಗೂ ಮೊಡವೆಯಿಲ್ಲದ ಸಾಮಾನ್ಯ ಚರ್ಮದವರು ವಾರಕ್ಕೆ ಒಂದೆರಡು ದಿನ, ನುಣ್ಣಗೆ ಜರಡಿ ಹಿಡಿದ ಹಿಟ್ಟನ್ನು ಹಾಲಿನಲ್ಲೋ ನೀರಿನಲ್ಲೋ ಕಲಸಿ ಬಳಸಬಹುದು. ಕಲಸಿದ್ದು ಆಗಲೇ ಮುಗಿಯಬೇಕು, ನಾಳೆಗೆ ಇಡಬಾರದು. ಕೀವಿನ ಮೊಡವೆ ಇದ್ದರೆ ಉಜ್ಜುವುದೇ ತಪ್ಪು. ಮುಲ್ತಾನಿ ಮಿಟ್ಟಿ ಎಣ್ಣೆ ಚರ್ಮಕ್ಕೆ ಅಪರೂಪಕ್ಕೆ ಸರಿ, ಒಣಗಿ ಬಿರಿಯುವವರೆಗೆ ಬಿಡಬೇಡಿ. ಸೀಗೆಕಾಯಿ, ಅಂಟುವಾಳಕಾಯಿ ತಲೆಗಿರಲಿ, ಕಣ್ಣಿನ ಹತ್ತಿರ ತಂದರೆ ಉರಿ ಗ್ಯಾರಂಟಿ.

ನಿಂಬೆರಸ ಮತ್ತು ಅಡುಗೆ ಸೋಡಾ ಮಾತ್ರ ಮುಖಕ್ಕೆ ಬೇಡವೇ ಬೇಡ. ನಿಂಬೆರಸದ ಪಿಎಚ್ ಎರಡರ ಆಸುಪಾಸು. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಗಾಯದಂತಾಗಿ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬೀಳಬಹುದು. ಸೋಡಾ ಇದರ ವಿರುದ್ಧ ದಿಕ್ಕಿಗೆ, ಕ್ಷಾರದ ಕಡೆಗೆ ಎಳೆಯುತ್ತದೆ.

ಹಾಗಾದರೆ ನಿಮಗೆ ಯಾವುದು?

ತುಮಕೂರಿನ ಹಾಸ್ಟೆಲ್ಲಿನಲ್ಲಿ ಬೋರ್‌ವೆಲ್ ನೀರು, ಮುಖದ ತುಂಬ ಎಣ್ಣೆ, ಅಲ್ಲಲ್ಲಿ ಮೊಡವೆ, ತಿಂಗಳಿಗೆ ನೂರೈವತ್ತು ರೂಪಾಯಿ. ಈ ಹುಡುಗನಿಗೆ ರಾತ್ರಿ ಸ್ಯಾಲಿಸಿಲಿಕ್ ಜೆಲ್, ಬೆಳಿಗ್ಗೆ ಸಿಂಡೆಟ್ ಬಿಲ್ಲೆ. ಮೊಡವೆ ಗಂಟು ಕಟ್ಟುತ್ತಿದ್ದರೆ, ಕಲೆ ಬೀಳುತ್ತಿದ್ದರೆ ಫೇಸ್ ವಾಶಿನ ದುಡ್ಡು ಉಳಿಸಿ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗುವುದು ಉತ್ತಮ.

ಬೆಂಗಳೂರಿನಲ್ಲಿ ದಿನಾ ಸನ್‌ಸ್ಕ್ರೀನ್ ಹಚ್ಚಿ ಸ್ಕೂಟರಿನಲ್ಲಿ ಓಡಾಡುವ, ಮಿಶ್ರ ಚರ್ಮದ ಉದ್ಯೋಗಿಗೆ ಸಲ್ಫೇಟ್ ಇಲ್ಲದ ಜೆಲ್ ಒಂದು ಸಾಕು. ನೀರಿಗೆ ಬಗ್ಗದ ಸನ್‌ಸ್ಕ್ರೀನ್ ಆದರೆ ರಾತ್ರಿ ಮೊದಲು ಕ್ಲೆನ್ಸಿಂಗ್ ಆಯಿಲ್. ಐವತ್ತು ದಾಟಿದ, ಚಳಿಗಾಲದಲ್ಲಿ ಕೆನ್ನೆ ಬಿರಿಯುವ ಅಮ್ಮನಿಗೆ ರಾತ್ರಿ ಲೋಶನ್, ಬೆಳಿಗ್ಗೆ ನೀರು. ಲೋಶನ್ ದುಬಾರಿಯಾದರೆ ಪರಿಮಳ ಕಡಿಮೆಯಿರುವ ಸಿಂಡೆಟ್. ಮಂಗಳೂರು, ಕಾರವಾರದ ಕಡೆ ಬೆವರಿನಿಂದ ದಿನಕ್ಕೆ ನಾಲ್ಕು ಸಲ ಮುಖ ತೊಳೆಯುವವರು ಎರಡು ಸಲ ಮಾತ್ರ ಫೇಸ್ ವಾಶ್ ಬಳಸಿ, ಉಳಿದ ಹೊತ್ತು ನೀರು ಎರಚಿಕೊಂಡರೆ ಸಾಕು.

ಇನ್ನೊಂದು ಗುಂಪಿದೆ. ಯಾವ ಕ್ಲೆನ್ಸರ್ ಹಚ್ಚಿದರೂ, ಕೊನೆಗೆ ನೀರು ಸೋಕಿದರೂ ಉರಿ, ಕೆನ್ನೆ ಸದಾ ಕೆಂಪು, ಬಿಸಿಲಿಗೆ ಹೋದರೆ ತಡೆಯಲಾಗದು ಅನ್ನುವವರು. ಬೆಳ್ಳಗಾಗಲೆಂದೋ ಬಂಗು ಹೋಗಲೆಂದೋ ಅಂಗಡಿಯವರು ಕೊಟ್ಟ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದ್ದೀರಾ ಅಂತ ಕೇಳಿಕೊಳ್ಳಿ. ಅಂಥ ಎಷ್ಟೋ ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಚರ್ಮಕ್ಕೆ ಹಚ್ಚುವ ಹಲವು ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ, ಆದರೂ ಕೈಯಿಂದ ಕೈಗೆ ಸಿಗುತ್ತಲೇ ಇವೆ. ಇದಕ್ಕೆ ಉತ್ತರ ಬೇರೊಂದು ಫೇಸ್ ವಾಶ್ ಖಂಡಿತ ಅಲ್ಲ. ಕ್ರೀಮಿನ ಟ್ಯೂಬನ್ನೂ ಹಿಡಿದುಕೊಂಡು ಚರ್ಮವೈದ್ಯರ ಬಳಿ ಹೋಗಿ. ನಿಮ್ಮಷ್ಟಕ್ಕೆ ದಿಢೀರನೆ ನಿಲ್ಲಿಸಿದರೆ ಉರಿ ಇನ್ನೂ ಏರಬಹುದು.

ತೊಳೆಯುವ ರೀತಿ

ಒಳ್ಳೆಯ ಕ್ಲೆನ್ಸರ್ ಕೊಂಡು ಕೆಟ್ಟದಾಗಿ ತೊಳೆದರೆ ಫಲವಿಲ್ಲ. ಮೊದಲು ಕೈ ತೊಳೆಯಿರಿ. ಹಂಡೆಯ ಸುಡುನೀರು ಮುಖಕ್ಕೆ ಬೇಡ, ಉಗುರುಬೆಚ್ಚಗಿನದು ಅಥವಾ ತಣ್ಣೀರು. ಬೆರಳ ತುದಿಯಿಂದ ಅರ್ಧ ನಿಮಿಷದಿಂದ ಒಂದು ನಿಮಿಷ, ಮೂಗಿನ ಸಂದು, ಕೂದಲಂಚು, ದವಡೆಯ ಕೆಳಗೆ ಬಿಡದೆ. ಲೂಫಾ, ಬ್ರಷ್, ಅಕ್ರೋಟಿನ ಚಿಪ್ಪಿನ ಸ್ಕ್ರಬ್ ಬೇಡ. ತಲೆಸ್ನಾನದ ದಿನ ಮುಖವನ್ನು ಕೊನೆಗೆ ತೊಳೆಯಿರಿ; ಹಣೆಗೆ ಇಳಿದ ಎಣ್ಣೆ, ಕಂಡೀಶನರ್ ಅಲ್ಲೇ ಉಳಿದು ಗುಳ್ಳೆ ಏಳುವುದುಂಟು. ಗಡಸು ನೀರಿನವರು ಕೊನೆಯ ಒಂದು ಚೊಂಬನ್ನು ಫಿಲ್ಟರ್ ನೀರಲ್ಲೋ ಹಿಡಿದಿಟ್ಟ ಮಳೆನೀರಲ್ಲೋ ಎರಚಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಅಪಾರ್ಟ್‌ಮೆಂಟಿಗೆ ಸಾಫ್ಟನರ್ (ಗಡಸು ನೀರನ್ನು ಮೆದುಮಾಡುವ ಯಂತ್ರ) ಹಾಕಿಸಿದವರಿಗೆ ತೊಳೆದ ಮೇಲೂ ಮುಖ ಜಾರುತ್ತಿರುವಂತೆ ಅನ್ನಿಸುತ್ತದೆ. ಸೋಪು ಹೋಗಿಲ್ಲವೆಂದು ಐದು ನಿಮಿಷ ನೀರು ಸುರಿಯಬೇಡಿ, ಮೆದು ನೀರಿನ ಗುಣವೇ ಅದು. ಟವೆಲಿನಿಂದ ಒತ್ತಿ ಒರೆಸಿ, ಮುಖ ಪೂರ್ತಿ ಒಣಗುವ ಮುಂಚೆ ಮಾಯಿಶ್ಚರೈಸರ್ ಹಚ್ಚಿ. ಎಣ್ಣೆ ಚರ್ಮಕ್ಕೂ ಇದು ಬೇಕು, ತೆಳುವಾದ ಜೆಲ್ ಆದರೆ ಸಾಕು.

ಹೊಸದನ್ನು ಕೊಳ್ಳುವಾಗ ಚಿಕ್ಕ ಪ್ಯಾಕೇ ತೆಗೆದುಕೊಳ್ಳಿ. ಎರಡು ಮೂರು ದಿನ ದವಡೆಯ ಅಂಚಿಗೆ ಮಾತ್ರ ಹಚ್ಚಿ ತೊಳೆದು ನೋಡಿ, ಆಮೇಲೆ ಇಡೀ ಮುಖಕ್ಕೆ. ಜೊತೆಗೆ ಸೀರಮ್ಮು, ಸನ್‌ಸ್ಕ್ರೀನ್ ಎಲ್ಲವನ್ನೂ ಅದೇ ವಾರ ಬದಲಾಯಿಸಿದರೆ ಯಾವುದು ಒಗ್ಗಲಿಲ್ಲವೆಂದು ಗೊತ್ತಾಗುವುದೇ ಇಲ್ಲ. ತೊಳೆದು ಹದಿನೈದು ನಿಮಿಷ ಏನೂ ಹಚ್ಚದೆ ಕೂತಾಗ ನಗಲು ಹೋದರೆ ಕೆನ್ನೆ ಸೆಳೆಯಬಾರದು, ಉರಿಯಬಾರದು, ಮೂಗಿನ ಪಕ್ಕ ಜಿಡ್ಡೂ ಉಳಿದಿರಬಾರದು. ಸಾಮಾನ್ಯ ಕ್ಲೆನ್ಸರಾದರೆ ಎರಡು ವಾರದಲ್ಲಿ ತೀರ್ಮಾನಿಸಬಹುದು. ಸ್ಯಾಲಿಸಿಲಿಕ್, ಬೆಂಜಾಯ್ಲ್ ಪೆರಾಕ್ಸೈಡ್ ಇರುವವಕ್ಕೆ ಆರರಿಂದ ಎಂಟು ವಾರ ಕೊಡಿ. "ಮೊದಲು ಮೊಡವೆ ಹೆಚ್ಚಾಗುತ್ತೆ, ಆಮೇಲೆ ಸರಿಹೋಗುತ್ತೆ" ಅನ್ನುವ ಮಾತು ಸಾದಾ ಫೇಸ್ ವಾಶಿಗೆ ಹೊಂದುವುದಿಲ್ಲ. ಅದರಿಂದ ಗುಳ್ಳೆ ಎದ್ದರೆ ಒಗ್ಗಲಿಲ್ಲ ಅಂತಲೇ ಅರ್ಥ. ಉಳಿದದ್ದನ್ನು ಕೈಕಾಲು ತೊಳೆಯಲು ಬಳಸಿ ಮುಗಿಸಿ.